ಅಂಗವೈಕಲ್ಯವೂ ಇದೆ, ಮನಸ್ಸಿನ ತೊಂದರೆಯೂ ಇದೆ: ಎರಡಕ್ಕೂ ಸೇರಿ ಒಂದೇ ಬೆಂಬಲ ಕಟ್ಟುವುದು ಹೇಗೆ?

ಗಾಲಿಕುರ್ಚಿ ಬಳಸುವ ಒಬ್ಬರಿಗೆ ಖಿನ್ನತೆ ಬಂದಿದೆ ಎಂದುಕೊಳ್ಳಿ. ಬೆನ್ನಿನ ಡಾಕ್ಟರು ‘ಇದು ಮನಸ್ಸಿನ ವಿಷಯ, ಬೇರೆ ಕಡೆ ತೋರಿಸಿ’ ಎನ್ನುತ್ತಾರೆ. ಮನೋವೈದ್ಯರ ಕೊಠಡಿ ಮೇಲಿನ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೇಗೋ ಹೋಗಿ ಕೂತರೆ ‘ಇಂಥ ಸ್ಥಿತಿಯಲ್ಲಿ ಬೇಜಾರಾಗೋದು ಸಹಜ ಅಲ್ವಾ’ ಎಂಬ ಸಮಾಧಾನದ ಮಾತು ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರು ದೇಹ ನೋಡಿದರು, ಇನ್ನೊಬ್ಬರು ಮನಸ್ಸು ನೋಡಿದರು. ಇಬ್ಬರ ನಡುವೆ ಆ ವ್ಯಕ್ತಿ ಬಿಟ್ಟುಹೋದರು.

ಇದು ಅಪರೂಪದ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯ ಅಂಗವೈಕಲ್ಯ ಇದೆ. ಖಿನ್ನತೆಯಂಥ ಕಾಯಿಲೆಗಳ ಅಪಾಯ ಅವರಿಗೆ ಉಳಿದವರಿಗಿಂತ ಎರಡು ಪಟ್ಟು ಜಾಸ್ತಿ ಎಂದೂ ಅದೇ ಸಂಸ್ಥೆ ಹೇಳಿದೆ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ದೇಹ, ಮನಸ್ಸು, ಬುದ್ಧಿ, ಇಂದ್ರಿಯ ಇವೆಲ್ಲದರ ದೀರ್ಘಕಾಲದ ತೊಂದರೆಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿದೆ. ಕಾಗದದಲ್ಲಿ ಒಂದಾದದ್ದು ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ಇನ್ನೂ ಬೇರೆ ಬೇರೆ ಕಡತಗಳಾಗಿಯೇ ಉಳಿದಿದೆ.

ಆ ಕಡತಗಳನ್ನು ಒಂದು ಮಾಡುವ ಕೆಲಸ ಹೆಚ್ಚಾಗಿ ಮನೆಯವರ, ಗೆಳೆಯರ, ಆರೈಕೆ ಮಾಡುವವರ ಹೆಗಲಿಗೆ ಬೀಳುತ್ತದೆ. ಈ ಬರಹ ಅವರಿಗಾಗಿ. ತಮ್ಮ ಬೆಂಬಲವನ್ನು ತಾವೇ ಕಟ್ಟಿಕೊಳ್ಳುತ್ತಿರುವವರೂ ಇದನ್ನು ಹೀಗೆಯೇ ಬಳಸಬಹುದು.

ಹಂತ 1: ರೋಗದ ಹೆಸರಿನಿಂದ ಶುರು ಮಾಡಬೇಡಿ

ಮೊದಲ ಮಾತುಕತೆಯಲ್ಲಿ ಫೈಲು, ವರದಿ, ಚೀಟಿ ಯಾವುದೂ ಬೇಡ. ಎರಡೇ ಪ್ರಶ್ನೆ ಸಾಕು. ನಿಮಗೆ ಒಳ್ಳೆಯ ದಿನ ಅಂದರೆ ಹೇಗಿರುತ್ತದೆ, ಬೆಳಗ್ಗೆ ಏಳುವುದರಿಂದ ಮಲಗುವವರೆಗೆ ಹೇಳಿ. ಕೆಟ್ಟ ದಿನ ಹೇಗಿರುತ್ತದೆ, ಅದನ್ನೂ ಹೇಳಿ. ಸುಮ್ನೆ ಕೇಳಿಸಿಕೊಳ್ಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ‘ಬೆಳಗ್ಗೆ ಯಾರೂ ಅವಸರ ಮಾಡದಿದ್ದರೆ ಒಳ್ಳೆಯ ದಿನ’ ಎಂದರೆ ಹಾಗೆಯೇ ಬರೆಯಿರಿ. ಅದನ್ನು ‘ಬೆಳಗಿನ ಆತಂಕ’ ಎಂದು ತಿದ್ದಬೇಡಿ.

ಆಮೇಲೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಒಂದು, ಅವರ ಮನಸ್ಸಿಗೆ ಮುಖ್ಯವಾದದ್ದು. ಇನ್ನೊಂದು, ಅವರ ಆರೋಗ್ಯಕ್ಕೂ ಸುರಕ್ಷತೆಗೂ ಮುಖ್ಯವಾದದ್ದು. ಅಮೆರಿಕದ ಮೈಕೇಲ್ ಸ್ಮಲ್ ಈ ವ್ಯತ್ಯಾಸವನ್ನು ಬೆಂಬಲದ ಕೆಲಸದ ನಡುಮಧ್ಯಕ್ಕೆ ತಂದರು. ನನ್ನ ಮಟ್ಟಿಗೆ ಈ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಉಪಯೋಗದ ಸಲಹೆ ಇನ್ನೊಂದಿಲ್ಲ. ಹೆಚ್ಚಿನ ಯೋಜನೆಗಳಲ್ಲಿ ಎರಡನೇ ಪಟ್ಟಿ ಪುಟಗಟ್ಟಲೆ ಇರುತ್ತದೆ, ಮೊದಲನೆಯದು ಖಾಲಿ ಇರುತ್ತದೆ. ಅಂಥ ಯೋಜನೆಯನ್ನು ಯಾರೂ ಮನಸ್ಸಿಟ್ಟು ಪಾಲಿಸುವುದಿಲ್ಲ.

ಒಂದು ಉದಾಹರಣೆ ನೋಡಿ. ಒಬ್ಬ ಯುವಕನಿಗೆ ಸಂಜೆ ಮಾತ್ರೆ ಕೊಡುತ್ತಾರೆ. ತಗೊಂಡ ಸ್ವಲ್ಪ ಹೊತ್ತಿಗೆ ನಿದ್ದೆ ಎಳೆಯುತ್ತದೆ. ಗೆಳೆಯರ ಜೊತೆ ಫೋನಿನಲ್ಲಿ ಹರಟುವುದು ಅವನಿಗೆ ಇಡೀ ದಿನದ ಖುಷಿ, ಅದು ತಪ್ಪುತ್ತಿದೆ. ಅವನು ಮಾತ್ರೆಯನ್ನು ಕದ್ದು ಎಸೆಯಲು ಶುರು ಮಾಡುತ್ತಾನೆ. ಕಡತದಲ್ಲಿ ‘ಔಷಧ ನಿರಾಕರಣೆ’ ಎಂದು ಬರೆಯಲಾಗುತ್ತದೆ. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಪ್ರಶ್ನೆ ಸರಳವಾಗುತ್ತಿತ್ತು: ಮಾತ್ರೆಯ ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಬಹುದೇ? ಇದನ್ನು ಡಾಕ್ಟರನ್ನು ಕೇಳಿ ಮಾಡಬೇಕು, ನಾವಾಗಿಯೇ ಬದಲಿಸಬಾರದು.

ಹಂತ 2: ಮಾತಿನ ದಾರಿ ತೆರೆಯಿರಿ

ಮನಸ್ಸಿನ ನೋವನ್ನು ಹೇಳಿಕೊಳ್ಳುವುದು ಎಲ್ಲರಿಗೂ ಕಷ್ಟ. ಮಾತೇ ಬಾರದವರಿಗೆ, ಕಿವಿ ಕೇಳದವರಿಗೆ, ಪ್ರಶ್ನೆ ಅರ್ಥವಾಗಲು ಸಮಯ ಬೇಕಾದವರಿಗೆ ಇನ್ನೂ ಕಷ್ಟ. ಹಾಗಾಗಿ ಪರೀಕ್ಷೆ, ಚಿಕಿತ್ಸೆ ಎಲ್ಲದಕ್ಕೂ ಮೊದಲು ಇದನ್ನು ಸರಿಮಾಡಿಕೊಳ್ಳಿ.

ಕಿವುಡರಿಗೆ ಸನ್ನೆ ಭಾಷೆಯ ದುಭಾಷಿ ಬೇಕು. ಮನೆಯವರನ್ನೇ ದುಭಾಷಿ ಮಾಡಬೇಡಿ. ‘ನನಗೆ ಸಾಯಬೇಕು ಅನ್ನಿಸುತ್ತದೆ’ ಎಂಬ ಮಾತನ್ನು ಒಬ್ಬ ಮಗ ತನ್ನ ತಾಯಿಯ ಬಾಯಿಂದಲೇ ಡಾಕ್ಟರಿಗೆ ಹೇಳಿಸಬೇಕಾದರೆ ಅವನು ಅದನ್ನು ಹೇಳುವುದೇ ಇಲ್ಲ.

ಮಾತು ಬಾರದವರಿಗೆ ಚಿತ್ರದ ಹಲಗೆ, ಅಕ್ಷರದ ಹಲಗೆ, ಟ್ಯಾಬ್ಲೆಟ್, ಕಣ್ಣಿನ ಚಲನೆಯಿಂದ ನಡೆಯುವ ಸಾಧನ ಹೀಗೆ ದಾರಿಗಳಿವೆ. ಯಾವುದು ಹೊಂದುತ್ತದೆ ಎಂದು ಸ್ಪೀಚ್ ಥೆರಪಿಸ್ಟ್ ನೋಡಿ ಹೇಳುತ್ತಾರೆ. ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಆ ಸಾಧನ ಅವರ ದನಿ. ಶಿಕ್ಷೆಯೆಂದು ಅದನ್ನು ಕಿತ್ತುಕೊಳ್ಳುವುದು, ಆಸ್ಪತ್ರೆಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗುವುದು, ಎರಡೂ ಬಾಯಿ ಕಟ್ಟಿದಂತೆಯೇ. ಅದರಲ್ಲಿ ‘ನೋವು’, ‘ಭಯ’, ‘ನಿಲ್ಲಿಸಿ’, ‘ಒಬ್ಬನೇ ಇರಬೇಕು’, ‘ಯಾರೋ ಹೊಡೆದರು’ ಎಂಬ ಪದಗಳು ಇವೆಯೇ ನೋಡಿ. ಎಷ್ಟೋ ಹಲಗೆಗಳಲ್ಲಿ ತಿಂಡಿಯ ಚಿತ್ರಗಳು, ಆಟದ ಚಿತ್ರಗಳು ಮಾತ್ರ ಇರುತ್ತವೆ.

ಬೌದ್ಧಿಕ ವೈಕಲ್ಯ ಇರುವವರಲ್ಲಿ ಕೆಲವರು ಎದುರಿನವರನ್ನು ಮೆಚ್ಚಿಸಲು ಎಲ್ಲದಕ್ಕೂ ‘ಹೌದು’ ಎನ್ನುತ್ತಾರೆ. ಅದಕ್ಕೇ ಹೌದು-ಇಲ್ಲ ಪ್ರಶ್ನೆಗಿಂತ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಒಳ್ಳೆಯದು. ಆಯ್ಕೆಗಳ ಕ್ರಮ ತಿರುವಿ ಇನ್ನೊಮ್ಮೆ ಕೇಳಿ, ಅದೇ ಉತ್ತರ ಬಂತೇ ನೋಡಿ. ಆಟಿಸಂ ಇರುವ ಹಲವರಿಗೆ ‘ಹೇಗನ್ನಿಸ್ತಿದೆ?’ ಎಂಬುದು ತಲೆಬುಡವಿಲ್ಲದ ಪ್ರಶ್ನೆ. ‘ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು? ಎದೆ ಜೋರಾಗಿ ಹೊಡೆದುಕೊಂಡಿತೇ?’ ಎಂದು ಕೇಳಿದರೆ ನಿಖರ ಉತ್ತರ ಸಿಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂದು ಒತ್ತಾಯಿಸಬೇಡಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೌನ ನಮಗೆ ಸಹಿಸಲಾಗದೆ ಮತ್ತೆ ಕೇಳಿದರೆ ಅವರು ಮೊದಲಿನಿಂದ ಯೋಚಿಸಬೇಕಾಗುತ್ತದೆ.

ಇನ್ನೊಂದು ಕೆಲಸವನ್ನು ಅವರು ಚೆನ್ನಾಗಿರುವಾಗಲೇ ಮಾಡಿಡಿ. ಅವರ ನಿದ್ದೆ, ಊಟ, ನಗು, ನಡಿಗೆ, ಇಷ್ಟದ ಕೆಲಸ ಮಾಮೂಲಿಯಾಗಿ ಹೇಗಿರುತ್ತವೆ ಎಂದು ಅರ್ಧ ಪುಟ ಬರೆದಿಡಿ. ಮುಂದೆ ಏನಾದರೂ ಬದಲಾದರೆ ಹೋಲಿಸಲು ಇದೊಂದೇ ಆಧಾರ. ‘ಇವರು ಮೊದಲಿಂದಲೂ ಹೀಗೇನಾ?’ ಎಂದು ಡಾಕ್ಟರು ಕೇಳಿದಾಗ ಆ ಅರ್ಧ ಪುಟವನ್ನು ಮುಂದಿಡಿ.

ಹಂತ 3: ವರ್ತನೆ ಬದಲಾದರೆ ಮೊದಲು ದೇಹ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ದೊಡ್ಡ ಅನಾಹುತಗಳು ಆಗುವುದು ಇಲ್ಲೇ.

1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಜೊತೆಗಾರರು ಒಂದು ಸಂಗತಿಯನ್ನು ತೋರಿಸಿದರು. ಅದೇ ಲಕ್ಷಣ ಇದ್ದರೂ, ವ್ಯಕ್ತಿಗೆ ಬೌದ್ಧಿಕ ವೈಕಲ್ಯ ಇದೆ ಎಂದು ಗೊತ್ತಾದ ಕೂಡಲೇ ತಜ್ಞರು ಅವರ ಮಾನಸಿಕ ಕಾಯಿಲೆಯನ್ನು ಗುರುತಿಸುವುದು ಕಡಿಮೆಯಾಗುತ್ತದೆ. ಒಂದು ಹಣೆಪಟ್ಟಿಯ ನೆರಳಲ್ಲಿ ಉಳಿದದ್ದೆಲ್ಲ ಮರೆಯಾಗುತ್ತದೆ. ಇದು ದೇಹದ ಕಾಯಿಲೆಗೂ ಅನ್ವಯಿಸುತ್ತದೆ. ತಲೆ ಚಚ್ಚಿಕೊಳ್ಳುತ್ತಿರುವವರಿಗೆ ಹಲ್ಲುನೋವೋ ಕಿವಿನೋವೋ ಇರಬಹುದು. ‘ಅದು ಅವರ ಸ್ವಭಾವ’ ಎಂದುಬಿಟ್ಟರೆ ಹಲ್ಲನ್ನು ಯಾರೂ ನೋಡುವುದಿಲ್ಲ. ಸ್ಕಿಜೋಫ್ರೇನಿಯಾ ಇರುವವರು ಎದೆನೋವು ಎಂದರೆ ‘ಭ್ರಮೆ ಇರಬೇಕು’ ಎಂದು ಕಳಿಸಿಬಿಡುವುದೂ ಇದೇ ಜಾತಿಯ ತಪ್ಪು.

ಹಾಗಾಗಿ ಸಿಟ್ಟು, ಅಳು, ಮೌನ, ಊಟ ಬಿಡುವುದು, ತನಗೇ ಹೊಡೆದುಕೊಳ್ಳುವುದು ಹೊಸದಾಗಿ ಕಂಡರೆ ಮೊದಲು ಇವನ್ನು ಪರೀಕ್ಷಿಸಿ: ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು, ಹೊಟ್ಟೆಯ ಹುಳಿ ಮೇಲೆ ಬರುವುದು, ಮುಟ್ಟಿನ ನೋವು, ಒತ್ತಿನಿಂದ ಆದ ಹುಣ್ಣು, ನಿದ್ದೆ, ದೃಷ್ಟಿ, ಕೇಳುವಿಕೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು ಎರಡೂ ಜಾಸ್ತಿ. ಎರಡೂ ನೋಡಲು ಥೇಟ್ ಖಿನ್ನತೆಯಂತೆ: ಮಂಕು, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ. ಥೈರಾಯ್ಡಿಗೆ ಒಂದು ರಕ್ತಪರೀಕ್ಷೆ ಸಾಕು.

ಬೆನ್ನುಹುರಿಗೆ ಪೆಟ್ಟಾದವರ ಮನೆಯವರು ಇದನ್ನು ಕಂಠಪಾಠ ಮಾಡಬೇಕು. ಎದೆಮಟ್ಟದ ಆರನೇ ಬೆನ್ನುಮೂಳೆಯ ಜಾಗದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ, ಒಮ್ಮೆಲೇ ಸಿಡಿಯುವ ತಲೆನೋವು, ಮುಖ ಕೆಂಪಾಗುವುದು, ಪೆಟ್ಟಾದ ಜಾಗದಿಂದ ಮೇಲೆ ಬೆವರು, ವಿಪರೀತ ಕಳವಳ ಬರಬಹುದು. ನೋಡಿದವರು ಇದನ್ನು ಗಾಬರಿಯ ದಾಳಿ ಎಂದುಕೊಳ್ಳುತ್ತಾರೆ. ಅದು ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿರುವ ಸೂಚನೆ ಇರಬಹುದು. ಸಾಮಾನ್ಯ ಕಾರಣ ತುಂಬಿದ ಮೂತ್ರಚೀಲ, ಮಡಚಿಕೊಂಡ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕಿದ ನಳಿಕೆ) ಅಥವಾ ಕಟ್ಟಿಕೊಂಡ ಮಲ. ಅವರನ್ನು ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ನೋಡಿ. ತಕ್ಷಣ ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಸಮಾಧಾನ ಹೇಳುತ್ತಾ ಕೂರುವ ಹೊತ್ತಲ್ಲ ಅದು.

ಔಷಧಗಳನ್ನೂ ಅನುಮಾನದಿಂದ ನೋಡಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್ ಕೆಲವರಲ್ಲಿ ಸಿಟ್ಟು, ಮನಸ್ಸಿನ ಏರುಪೇರು ತರುತ್ತದೆ. ಸೈಕೋಸಿಸ್‌ಗೆ, ಅಂದರೆ ಇಲ್ಲದ್ದು ಕಾಣುವ, ಕೇಳಿಸುವಂಥ ಸ್ಥಿತಿಗೆ, ಕೊಡುವ ಔಷಧಗಳಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಗುತ್ತದೆ. ಅದನ್ನು ರೋಗ ಹೆಚ್ಚಾಯಿತು ಎಂದು ತಿಳಿದು ಅದೇ ಔಷಧವನ್ನು ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಇದೇ ಗುಂಪಿನ ಕ್ಲೋಜಪೈನ್ ತಗೊಳ್ಳುವವರಲ್ಲಿ ಮಲಬದ್ಧತೆ ಜೀವಕ್ಕೇ ಕುತ್ತು ತರುವಷ್ಟು ತೀವ್ರವಾಗಬಹುದು. ಹೊಟ್ಟೆನೋವನ್ನು ಹೇಳಲಾಗದವರು ಈ ಔಷಧದಲ್ಲಿದ್ದರೆ ಮಲವಿಸರ್ಜನೆಯ ಲೆಕ್ಕ ಬರೆದಿಡುವುದು ಕಡ್ಡಾಯ ಎಂದೇ ತಿಳಿಯಿರಿ.

ದೇಹದಲ್ಲಿ ಏನೂ ಸಿಗಲಿಲ್ಲವೇ? ಆಗ ಒಂದೆರಡು ವಾರ ದಿನಚರಿ ಬರೆಯಿರಿ. ಘಟನೆಗೆ ಮುಂಚೆ ಏನಾಯಿತು, ಅವರು ಏನು ಮಾಡಿದರು, ಆಮೇಲೆ ಸುತ್ತಲಿನವರು ಏನು ಮಾಡಿದರು. ಹೊತ್ತು, ಜಾಗ, ಸದ್ದು, ಜೊತೆಗಿದ್ದವರ ಹೆಸರು ಎಲ್ಲ ಇರಲಿ. ಒಬ್ಬ ನಿರ್ದಿಷ್ಟ ವ್ಯಕ್ತಿ ಇದ್ದಾಗ ಮಾತ್ರ ತೊಂದರೆ ಕಾಣುತ್ತಿದ್ದರೆ ಅದನ್ನು ಲಘುವಾಗಿ ತಗೊಳ್ಳಬೇಡಿ. ಅಂಗವಿಕಲರ ಮೇಲೆ ದೌರ್ಜನ್ಯ ಉಳಿದವರಿಗಿಂತ ಹೆಚ್ಚು ನಡೆಯುತ್ತದೆ. ಮಾಡುವವರು ಎಷ್ಟೋ ಸಲ ನೋಡಿಕೊಳ್ಳುವವರೇ ಆಗಿರುತ್ತಾರೆ. ಪ್ರತಿ ವೈದ್ಯಕೀಯ ಭೇಟಿಯಲ್ಲೂ ಸ್ವಲ್ಪ ಹೊತ್ತು ಅವರು ಜೊತೆಗಾರರಿಲ್ಲದೆ ಮಾತಾಡಲು ಅವಕಾಶ ಇರಬೇಕು. ಇದನ್ನು ಎಲ್ಲರಿಗೂ ಒಂದೇ ನಿಯಮ ಮಾಡಿದರೆ ಯಾರಿಗೂ ಮುಜುಗರವಿಲ್ಲ.

ಸಾವು, ಅಗಲಿಕೆಗಳನ್ನೂ ಮರೆಯಬೇಡಿ. ‘ಅವನಿಗೆ ಅರ್ಥವಾಗುವುದಿಲ್ಲ’ ಎಂದು ತಂದೆಯ ಸಾವನ್ನೇ ಮುಚ್ಚಿಟ್ಟ ಮನೆಗಳಿವೆ. ಅರ್ಥವಾಗದಿರುವುದು ಸಾವಿನ ವಿವರ ಇರಬಹುದು. ಅಪ್ಪ ಇಲ್ಲ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ.

ಹಂತ 4: ಮನಸ್ಸಿನ ಚಿಕಿತ್ಸೆಯನ್ನು ಅವರ ಅಳತೆಗೆ ಹೊಲಿಸಿ

ಅಂಗವೈಕಲ್ಯ ಇರುವವರಿಗೆ ಆಪ್ತಸಮಾಲೋಚನೆಯಿಂದ ಪ್ರಯೋಜನವಿಲ್ಲ ಎಂಬುದು ಹಳೆಯ ತಪ್ಪು ನಂಬಿಕೆ. ಬದಲಾಗಬೇಕಾದದ್ದು ಕೊಡುವ ರೀತಿ. ಭೇಟಿಗಳು ಚಿಕ್ಕದಾಗಿರಲಿ, ಆದರೆ ಹೆಚ್ಚು ಬಾರಿ ಇರಲಿ. ಅಥವಾ ಒಂದೇ ಭೇಟಿ ಎರಡರಷ್ಟು ಉದ್ದವಿರಲಿ. ಚಿತ್ರ, ಬಣ್ಣ, ಗೊಂಬೆ, ಬರಹ ಏನು ಒಗ್ಗುತ್ತದೋ ಅದು. ಕಲಿತದ್ದನ್ನು ಮನೆಯಲ್ಲಿ ನೆನಪಿಸಲು ಅವರೇ ಆರಿಸಿದ ಒಬ್ಬರು ಕೊನೆಯ ಹತ್ತು ನಿಮಿಷ ಜೊತೆ ಕೂರಲಿ. ಸಮಯ ಗೊತ್ತುಮಾಡುವ ಮೊದಲೇ ಇಳಿಜಾರು, ಶೌಚಾಲಯ, ಬೆಳಕು, ಕಾಯುವ ಕೋಣೆಯ ಗದ್ದಲ ಕೇಳಿ ತಿಳಿಯಿರಿ. ದಿನದ ಮೊದಲ ಭೇಟಿ ಕೇಳಿ ಪಡೆದರೆ ಕಾಯುವ ಕಾಟ ತಪ್ಪುತ್ತದೆ.

ಖಿನ್ನತೆ ಅಳೆಯಲು ಬಳಸುವ ಸಾಮಾನ್ಯ ಪ್ರಶ್ನಾವಳಿಗಳಲ್ಲಿ ಸುಸ್ತು, ನಿಧಾನ ಚಲನೆ, ಹಸಿವಿನ ಬದಲಾವಣೆ ಎಲ್ಲವೂ ಅಂಕಗಳು. ನರದ ಕಾಯಿಲೆ ಇರುವವರಿಗೆ ಇವು ಖಿನ್ನತೆ ಇಲ್ಲದೆಯೂ ಇರುತ್ತವೆ. ಹಾಗಾಗಿ ಒಟ್ಟು ಅಂಕಕ್ಕಿಂತ ‘ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಕೊಡುತ್ತಿಲ್ಲವೇ?’ ಎಂಬ ಪ್ರಶ್ನೆಗೆ ತೂಕ ಕೊಡಿ ಎಂದು ತಜ್ಞರನ್ನು ಕೇಳಬಹುದು. ಬೌದ್ಧಿಕ ವೈಕಲ್ಯ ಇರುವವರಿಗೆಂದೇ 2003ರಲ್ಲಿ ಬಂದ ಗ್ಲಾಸ್ಗೋ ಖಿನ್ನತೆ ಮಾಪಕದಂಥ ಸಾಧನಗಳೂ ಇವೆ. ಅದರಲ್ಲಿ ಆರೈಕೆ ಮಾಡುವವರಿಗೆ ಬೇರೆ ಪ್ರಶ್ನೆಗಳಿವೆ.

ಪ್ರತಿ ಔಷಧಕ್ಕೂ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಇದು ಯಾವ ಕಾಯಿಲೆಗೆ? ಕೆಲಸ ಮಾಡುತ್ತಿದೆ ಎಂದು ಯಾವುದರಿಂದ ತಿಳಿಯುವುದು, ಎಷ್ಟು ದಿನದಲ್ಲಿ? ಯಾವ ಪರೀಕ್ಷೆ ಬೇಕು? ನಿಲ್ಲಿಸುವುದಾದರೆ ಹೇಗೆ? ಮೊದಲ ಪ್ರಶ್ನೆಗೆ ‘ಸುಮ್ಮನಿರಲಿ ಅಂತ’ ಎಂಬ ಉತ್ತರ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಕಾಯಿಲೆಯೇ ಇಲ್ಲದೆ ಬರೀ ವರ್ತನೆ ಹತೋಟಿಗೆ ಮನೋವೈದ್ಯಕೀಯ ಔಷಧ ಕೊಡುವುದು ಎಷ್ಟು ಹಬ್ಬಿತ್ತೆಂದರೆ, ಇಂಗ್ಲೆಂಡಿನ ಆರೋಗ್ಯ ಸೇವೆ 2016ರಲ್ಲಿ ಅದನ್ನು ನಿಲ್ಲಿಸಲೆಂದೇ ಸ್ಟಾಂಪ್ ಎಂಬ ಅಭಿಯಾನ ಶುರು ಮಾಡಬೇಕಾಯಿತು. ಹಾಗೆಂದು ಹೆದರಿ ಔಷಧವನ್ನು ಒಮ್ಮೆಗೇ ನಿಲ್ಲಿಸಬೇಡಿ. ಅದೂ ಅಪಾಯ. ಖಿನ್ನತೆಯ ಔಷಧ ಪೂರ್ತಿ ಕೆಲಸ ತೋರಿಸಲು ಕೆಲವು ವಾರ ಬೇಕು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಇದ್ದರೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ, ವಾಂತಿ-ಭೇದಿಯಾದರೆ ಕೂಡಲೇ ವೈದ್ಯರಿಗೆ ಹೇಳಿ. ಸೈಕೋಸಿಸ್ ಔಷಧಗಳಿದ್ದರೆ ತೂಕ, ಸಕ್ಕರೆ ನೋಡುತ್ತಿರಿ.

ಹಂತ 5: ನಿರ್ಧಾರಕ್ಕೆ ಊರುಗೋಲಾಗಿ, ನಿರ್ಧಾರ ಕಸಿಯಬೇಡಿ

ಎಡ್ ರಾಬರ್ಟ್ಸ್ ಎಂಬ ಅಮೆರಿಕನ್ನರಿಗೆ ಪೋಲಿಯೋದಿಂದ ಕೈಕಾಲು ಬಿದ್ದುಹೋಗಿತ್ತು, ಉಸಿರಾಟಕ್ಕೂ ಯಂತ್ರ ಬೇಕಿತ್ತು. ಅವರು ಮತ್ತು ಗೆಳೆಯರು 1972ರಲ್ಲಿ ಬರ್ಕ್‌ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರವನ್ನು ಕಟ್ಟಿದರು. ಅಂಗಿ ತೊಡಿಸಲು ಇನ್ನೊಬ್ಬರು ಬೇಕಾಗಬಹುದು, ಆದರೆ ಯಾವ ಅಂಗಿ ಎಂದು ಆರಿಸುವವನು ನಾನೇ ಎಂಬ ನಿಲುವು ಆ ಚಳವಳಿಯದು.

ಮೊದಲು ಹೇಳಿದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳುತ್ತದೆ. ನಿರ್ಧರಿಸಲು ಸಹಾಯ ಬೇಕಾದರೆ ಸಹಾಯ ಕೊಡಿ, ಹಕ್ಕು ತೆಗೆಯಬೇಡಿ. ದಿನನಿತ್ಯದಲ್ಲಿ ಹೀಗೆ ಮಾಡಿ. ವಿಷಯವನ್ನು ಅವರಿಗೆ ಅರ್ಥವಾಗುವ ರೂಪದಲ್ಲಿ ಕೊಡಿ. ಆಯ್ಕೆಗಳು ನಿಜವಾದವು ಆಗಿರಲಿ. ಅವರಿಗೆ ತಲೆ ಚುರುಕಾಗಿರುವ ಹೊತ್ತು ಆರಿಸಿ, ಮಾತ್ರೆ ತಗೊಂಡು ತೂಕಡಿಸುವಾಗ ಸಹಿ ಕೇಳಬೇಡಿ. ಆಗುವುದಾದರೆ ಮೊದಲು ಮಾಡಿ ನೋಡಲಿ: ಹೊಸ ಮನೆಗೆ ಹೋಗುವ ಮುಂಚೆ ಅಲ್ಲಿ ಒಂದು ರಾತ್ರಿ ಉಳಿಯಲಿ. ಅವರು ನಿಮಗೆ ಒಪ್ಪಿಗೆಯಾಗದ್ದನ್ನು ಆರಿಸಿದರೆ ‘ಅವರಿಗೆ ತಿಳಿವಳಿಕೆ ಇಲ್ಲ’ ಎಂದು ತೀರ್ಮಾನಿಸಬೇಡಿ. ನಾವೆಲ್ಲರೂ ಬೇರೆಯವರಿಗೆ ಒಪ್ಪಿಗೆಯಾಗದ ನಿರ್ಧಾರಗಳನ್ನು ದಿನಾ ಮಾಡುತ್ತೇವಲ್ಲ.

ಮನಸ್ಸಿನ ಕಾಯಿಲೆ ಏರಿಳಿಯುವವರು ಚೆನ್ನಾಗಿರುವಾಗ ಮುಂಗಡ ಸೂಚನೆ ಬರೆದಿಡುವುದು ಒಳ್ಳೆಯದು. ಯಾವ ಔಷಧ ಬೇಡ, ಯಾರಿಗೆ ಫೋನ್ ಮಾಡಬೇಕು, ಮಕ್ಕಳನ್ನು ಯಾರು ನೋಡಬೇಕು ಇತ್ಯಾದಿ. ಅದಕ್ಕೆ ಕಾನೂನಿನ ಬಲ ಎಷ್ಟು ಎಂಬುದು ದೇಶದಿಂದ ದೇಶಕ್ಕೆ ಬೇರೆ.

ಹಂತ 6: ದಿನಕ್ಕೆ ಒಂದು ಅರ್ಥ ಇರಲಿ

ವಾರಕ್ಕೊಂದು ಗಂಟೆಯ ಥೆರಪಿ ಚೆನ್ನಾಗಿದ್ದರೂ ಉಳಿದ ಅಷ್ಟೂ ಗಂಟೆ ಗೋಡೆ ನೋಡುತ್ತಾ ಕೂತರೆ ಖಿನ್ನತೆ ಹೋಗುವುದಿಲ್ಲ. ಮನಸ್ಸು ಸರಿಯಾದ ಮೇಲೆ ಹೊರಗೆ ಹೋಗೋಣ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಸಣ್ಣ ಚಟುವಟಿಕೆ ಮೊದಲು ಬರುತ್ತದೆ, ಉತ್ಸಾಹ ಅದರ ಹಿಂದೆ ಬರುತ್ತದೆ. ಮೊದಲ ಹಂತದ ಒಳ್ಳೆಯ ದಿನದ ಪಟ್ಟಿಯಿಂದ ಒಂದೇ ಒಂದನ್ನು ಆರಿಸಿ ಈ ವಾರಕ್ಕೆ ಹಾಕಿ. ಆಯಾಸದ ಕಾಯಿಲೆ ಇರುವವರಿಗೆ ನಡುವೆ ವಿಶ್ರಾಂತಿಯನ್ನೂ ಸಮಯ ಹಾಕಿಯೇ ಬರೆಯಿರಿ.

ಕೆಲಸದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ‘ಮೊದಲು ತಯಾರಾಗಲಿ, ಆಮೇಲೆ ಕೆಲಸ’ ಎಂದು ವರ್ಷಗಟ್ಟಲೆ ತರಬೇತಿ ಕೇಂದ್ರದಲ್ಲಿ ಕೂರಿಸುವುದು ಬೇಡ. 1990ರ ದಶಕದಲ್ಲಿ ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ ಪದ್ಧತಿ ಇದನ್ನು ತಿರುಗಿಸಿತು. ಬೇಕು ಎಂದವರಿಗೆ ಮೊದಲು ನಿಜವಾದ ಸಂಬಳದ ಕೆಲಸ ಹುಡುಕು, ಕೆಲಸ ಸಿಕ್ಕ ಮೇಲೆ ಪಕ್ಕದಲ್ಲಿ ನಿಂತು ಬೆಂಬಲ ಕೊಡು. ತೀವ್ರ ಮಾನಸಿಕ ಕಾಯಿಲೆ ಇರುವವರ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಇದು ಹಳೆಯ ರೀತಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ಕೆಲಸದ ಜಾಗದಲ್ಲಿ ಕೇಳಬೇಕಾದ ಹೊಂದಾಣಿಕೆಗಳು ಹೆಚ್ಚಾಗಿ ಸಣ್ಣವು: ಬರವಣಿಗೆಯಲ್ಲಿ ಸೂಚನೆ, ಗದ್ದಲ ತಡೆಯುವ ಹೆಡ್‌ಫೋನ್, ಚಿಕಿತ್ಸೆಗೆ ಹೋಗಲು ಬಿಡುವು.

ಜೊತೆಗೆ ಜನ ಬೇಕು. ಸಂಬಳ ಪಡೆದು ಬರುವವರಷ್ಟೇ ಸುತ್ತ ಇದ್ದರೆ ಅದು ಒಂಟಿತನವೇ. ಇದೇ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬರ ಪರಿಚಯ ಮಾಡಿಸಿ. ‘ನನಗೂ ಹೀಗೇ ಆಗಿತ್ತು’ ಎಂಬ ಮಾತನ್ನು ಯಾವ ತಜ್ಞರೂ ಕೊಡಲಾರರು. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ದಾರಿ ತೋರಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಮನೆಯೊಳಗೆ ಒಮ್ಮೆ ಬಂದು ನೋಡಿದರೆ ಒಳ್ಳೆಯದು. ಸ್ನಾನಕ್ಕೆ ಇನ್ನೊಬ್ಬರನ್ನು ಕಾಯಬೇಕಿಲ್ಲ ಎಂದಾದಾಗ ಎಷ್ಟೋ ಜನರ ಮನಸ್ಸು ಅರ್ಧ ಹಗುರಾಗುತ್ತದೆ. ಪಿಂಚಣಿ, ಭತ್ಯೆ, ಪ್ರಮಾಣಪತ್ರಗಳ ಓಡಾಟವನ್ನು ಕುಟುಂಬದಲ್ಲಿ ಬೇರೊಬ್ಬರಿಗೆ ವಹಿಸಿ.

ಹಂತ 7: ಕಷ್ಟದ ದಿನಕ್ಕೆ ಮುಂಚೆಯೇ ಯೋಜನೆ

ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು. ‘ಸಾಯಬೇಕು ಅನ್ನಿಸುತ್ತಿದೆಯೇ? ಹೇಗೆ ಎಂದೂ ಯೋಚಿಸಿದ್ದೀರಾ?’ ಎಂದು ಶಾಂತವಾಗಿ ಕೇಳಿದರೆ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ಅಂಗವೈಕಲ್ಯ ಇರುವವರ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಅವರು ಸಾಯಬೇಕು ಎಂದರೆ ‘ಪಾಪ, ಇನ್ನೇನು ಮಾಡ್ತಾರೆ’ ಎಂದು ಒಳಗೊಳಗೇ ಒಪ್ಪಿಬಿಡುವ ಜನರಿದ್ದಾರೆ. ಬೇರೆಯವರಿಗೆ ಸಲ್ಲುವಷ್ಟೇ ಕಾಳಜಿ, ಅಷ್ಟೇ ಚಿಕಿತ್ಸೆ, ಅಷ್ಟೇ ಅವಸರ ಇವರಿಗೂ ಸಲ್ಲಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಆರು ಭಾಗದ್ದು, ಒಂದೇ ಪುಟ ಸಾಕು. ಅಪಾಯ ಹತ್ತಿರ ಬರುತ್ತಿರುವ ಸೂಚನೆಗಳು. ಯಾರ ಸಹಾಯವಿಲ್ಲದೆ ತಾವೇ ಮಾಡಬಹುದಾದದ್ದು. ಮನಸ್ಸು ಬೇರೆಡೆ ತಿರುಗಿಸುವ ಜನ, ಜಾಗ. ಸಹಾಯ ಕೇಳಬಹುದಾದ ಆಪ್ತರು. ವೃತ್ತಿಪರರು ಮತ್ತು ತುರ್ತು ಸಂಖ್ಯೆ. ಕೊನೆಯದಾಗಿ ಸುತ್ತಲಿನ ಅಪಾಯದ ವಸ್ತುಗಳನ್ನು ದೂರ ಇಡುವುದು. ಅಂಗವೈಕಲ್ಯ ಇರುವವರ ಮನೆಯಲ್ಲಿ ತಿಂಗಳುಗಟ್ಟಲೆ ಔಷಧ ಸಂಗ್ರಹ ಇರುತ್ತದೆ, ಆರನೇ ಭಾಗದಲ್ಲಿ ಅದಕ್ಕೆ ಮೊದಲ ಗಮನ ಕೊಡಿ. ವಾರಕ್ಕೆ ಬೇಕಾದಷ್ಟನ್ನೇ ಹೊರಗಿಡಬಹುದು. ಎರಡನೇ ಭಾಗದಲ್ಲಿ ‘ವಾಕಿಂಗ್ ಹೋಗು’ ಎಂದು ಅಚ್ಚು ಹಾಕಿದ ಸಲಹೆ ಬೇಡ, ಅವರ ದೇಹಕ್ಕೆ ಆಗುವಂಥದ್ದೇ ಇರಲಿ. ಓದಲಾಗದವರಿಗೆ ಚಿತ್ರದಲ್ಲಿ ಮಾಡಿ. ಕಿವುಡರಿಗೆ ಸಂದೇಶ ಕಳಿಸಬಹುದಾದ ಸಹಾಯವಾಣಿ ಇದೆಯೇ ಎಂದು ಈಗಲೇ ನೋಡಿಡಿ. ಜೀವಕ್ಕೆ ತಕ್ಷಣದ ಅಪಾಯ ಕಂಡರೆ ಒಬ್ಬರನ್ನೇ ಬಿಡಬೇಡಿ, ತುರ್ತು ಸೇವೆಗೆ ಕರೆ ಮಾಡಿ.

ಸಿಟ್ಟು ಏರಿದಾಗ ಹಿಡಿದು ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಭಯವನ್ನು ಹೆಚ್ಚಿಸುತ್ತದೆ. ಮುಖ ಕೆಳಗೆ ಮಾಡಿ ಒತ್ತಿ ಹಿಡಿದರೆ ಉಸಿರು ನಿಂತು ಸಾವೂ ಆಗಬಹುದು. ಮಾತು ಕಡಿಮೆ ಮಾಡಿ, ದೀಪ ತಗ್ಗಿಸಿ, ಸುತ್ತಲಿನವರನ್ನು ಹೊರಗೆ ಕಳಿಸಿ, ದೂರ ನಿಲ್ಲಿ.

ಹಂತ 8: ಎಲ್ಲರನ್ನೂ ಒಂದು ಹಾಳೆಗೆ ತನ್ನಿ

ನರರೋಗ ತಜ್ಞರು, ಮನೋವೈದ್ಯರು, ಫಿಸಿಯೋಥೆರಪಿಸ್ಟ್, ಶಿಕ್ಷಕರು, ಮನೆಯವರು. ಎಲ್ಲರೂ ಒಳ್ಳೆಯದನ್ನೇ ಬಯಸುತ್ತಾರೆ. ಆದರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಒಬ್ಬರು ‘ದಿನಾ ಎರಡು ಗಂಟೆ ವ್ಯಾಯಾಮ’ ಎನ್ನುತ್ತಾರೆ, ಇನ್ನೊಬ್ಬರು ‘ಒತ್ತಡ ಹಾಕಬೇಡಿ’ ಎನ್ನುತ್ತಾರೆ.

ಕೂಡಿಸುವ ಕೆಲಸಕ್ಕೆ ಒಬ್ಬರ ಹೆಸರು ಗೊತ್ತಾಗಿರಬೇಕು. ಯಾರು ಎಂದು ಆ ವ್ಯಕ್ತಿಯೇ ಆರಿಸಲಿ, ಅವರೇ ಆಗಬಹುದು. ಒಂದು ಹಾಳೆಯಲ್ಲಿ ಅವರ ಗುರಿ, ಎರಡು ಪಟ್ಟಿ, ಮಾತಾಡುವ ರೀತಿ, ಅಲರ್ಜಿ, ಔಷಧಗಳು, ಯಾವ ಕೆಲಸ ಯಾರದು, ಎಂದಿಗೆ ಎಂಬುದು ಇರಲಿ. ಇನ್ನೊಂದು ಪ್ರತಿ ಆಸ್ಪತ್ರೆಯ ಚೀಲದಲ್ಲಿ ಇರಲಿ. ಮೂಲ ಪ್ರತಿ ಅವರ ಕೈಯಲ್ಲೇ ಇರಬೇಕು. ಯಾವ ಮಾಹಿತಿ ಯಾರಿಗೆ ಹೋಗಬಹುದು ಎಂಬ ಮಾತೂ ಅವರದೇ. ಮಾನಸಿಕ ಆರೋಗ್ಯದ ವಿವರ ಫಿಸಿಯೋಥೆರಪಿಸ್ಟ್‌ಗೆ ಬೇಡ ಎಂದರೆ ಬೇಡ.

ವರ್ಷಕ್ಕೆ ಕೆಲವು ಸಲ ಎಲ್ಲರೂ ಅರ್ಧ ಗಂಟೆ ಒಟ್ಟಿಗೆ ಮಾತಾಡಲಿ, ಫೋನಿನಲ್ಲಾದರೂ ಸರಿ. ಅವರು ಇಲ್ಲದ ಸಭೆಯಲ್ಲಿ ಅವರ ಬಗ್ಗೆ ತೀರ್ಮಾನ ಬೇಡ.

ಹಂತ 9: ನೋಡಿಕೊಳ್ಳುವವರ ಪಾಲು

ಆರೈಕೆ ಮಾಡುವವರಿಗೂ ಖಿನ್ನತೆ, ಬೆನ್ನುನೋವು, ನಿದ್ದೆಗೇಡು ಬರುತ್ತವೆ. ‘ನನಗೇನಾದರೂ ಆದರೆ ಇವರ ಗತಿ?’ ಎಂಬ ಭಯ ಹಗಲೂ ರಾತ್ರಿ ಕಾಡುತ್ತದೆ. ಈ ಭಯಕ್ಕೆ ಒಳ್ಳೆಯ ಮಾತಿಗಿಂತ ಒಂದು ಬರಹದ ಯೋಜನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ನೀವಿಲ್ಲದ ಮೊದಲ ಒಂದೆರಡು ದಿನ ಯಾರು ಬರುತ್ತಾರೆ, ಕೀಲಿ ಎಲ್ಲಿದೆ, ಔಷಧ ಎಲ್ಲಿದೆ, ಎಂದು ಬರೆದು ಇಬ್ಬರಿಗೆ ಕೊಟ್ಟಿಡಿ. ಬಿಡುವು ಬೇಕೇಬೇಕು. ಅದನ್ನು ಕುಸಿದ ಮೇಲೆ ಕೇಳಬೇಡಿ, ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ಒಡಹುಟ್ಟಿದವರನ್ನೂ ವಿಚಾರಿಸಿ. ಗಲಾಟೆ ಮಾಡದ ಮಗುವಿನ ಕಡೆ ಮನೆಯ ಗಮನ ಕಡಿಮೆಯಾಗುವುದು ಬೇಗ ಆಗುತ್ತದೆ.

ಹಂತ 10: ತಿರುಗಿ ನೋಡುವುದು

ಮೂರು ತಿಂಗಳಿಗೊಮ್ಮೆ ಆ ಹಾಳೆಯನ್ನು ತೆಗೆಯಿರಿ. ಕಳೆದ ತಿಂಗಳಲ್ಲಿ ಒಳ್ಳೆಯ ದಿನ ಎಷ್ಟು ಎಂದು ಅವರನ್ನೇ ಕೇಳಿ. ಯಾವುದು ಕೆಲಸ ಮಾಡಿತು, ಯಾವುದು ಇಲ್ಲ, ಯಾವುದನ್ನು ನಿಲ್ಲಿಸಬಹುದು? ಬೆಂಬಲಗಳನ್ನು ಸೇರಿಸುವುದು ಸುಲಭ, ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ. ಬೇಡವಾದ ಭೇಟಿ, ಬೇಡವಾದ ಔಷಧ, ಬೇಡವಾದ ಕಾವಲು ಇದ್ದರೆ ಕಡಿಮೆ ಮಾಡುವ ಮಾತನ್ನು ಸಂಬಂಧಪಟ್ಟವರ ಜೊತೆ ಆಡಿ. ಮನೆ, ಶಾಲೆ, ಕೆಲಸ, ನೋಡಿಕೊಳ್ಳುವವರು ಇವುಗಳಲ್ಲಿ ಯಾವುದು ಬದಲಾದರೂ ಮೂರು ತಿಂಗಳು ಕಾಯದೆ ಆಗಲೇ ನೋಡಿ. ಶಾಲೆ ಮುಗಿಸಿ ದೊಡ್ಡವರ ಸೇವೆಗಳಿಗೆ ದಾಟುವ ವಯಸ್ಸಿನಲ್ಲಿ ಹಳೆಯ ತಂಡ ಕೈಬಿಡುತ್ತದೆ, ಹೊಸ ತಂಡ ಇನ್ನೂ ಸಿಕ್ಕಿರುವುದಿಲ್ಲ. ಆ ದಾಟುವಿಕೆಗೆ ಕನಿಷ್ಠ ಒಂದು ವರ್ಷ ಮೊದಲೇ ಹೊಸ ವೈದ್ಯರನ್ನು ಗೊತ್ತುಮಾಡಿಕೊಂಡು, ಹಳೆಯವರು ಇರುವಾಗಲೇ ಒಮ್ಮೆ ಭೇಟಿ ಮಾಡಿಸಿಡಿ.